ಗ್ಲೆಂಡೇಲಿನ ಮನೆಗಳು, ನಮ್ಮ ಮನೆಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಅರ್ಥವನ್ನು ಗಲ್ಫ್‌ನಲ್ಲಿರುವ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹಳ ಮಂದಿ ವಿಮಾನ ಹತ್ತಿದ್ದೇ ಈ ಎರಡು ಕೆಲಸ ಮುಗಿಸಲಿಕ್ಕೆ. ಇಲ್ಲಿ ನಾವು ಮಲಗುವುದು ಕ್ಯಾಂಪಿನ ಬಂಕ್ ಮಂಚದ ಮೇಲೆ, ಇಲ್ಲವೇ ಪಾರ್ಟಿಷನ್ ಹಾಕಿದ ಬೆಡ್ ಸ್ಪೇಸಿನಲ್ಲಿ. ಊರಿನಲ್ಲಿ ನಾವು ಕಟ್ಟುವುದು ಮೂರು ಬೆಡ್‌ರೂಮಿನ ತಾರಸಿ ಮನೆ. ವರ್ಷದಲ್ಲಿ ಹನ್ನೊಂದು ತಿಂಗಳು ಒಂದು ಮನೆಯಲ್ಲಿ ಬದುಕಿ, ಇನ್ನೊಂದು ಮನೆಯ ಕನಸು ಕಾಣುವವರು ನಾವು. ಆದ್ದರಿಂದ ಮನೆಯ ಚರಿತ್ರೆ ನಮಗೆ ಬರೀ ಪುಸ್ತಕದ ವಿಷಯವಲ್ಲ.

ಈ ಸಲ ನಾವು ಆರಿಸಿಕೊಂಡ ಊರು ದೂರದ್ದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಲಾಸ್ ಏಂಜಲೀಸ್ ನಗರದ ನಡುಭಾಗದಿಂದ ಉತ್ತರಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ, ವೆರ್ದುಗೊ ಬೆಟ್ಟಗಳ ಕೆಳಗೆ ಇರುವ ಗ್ಲೆಂಡೇಲ್. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1,96,543. ಗಲ್ಫ್‌ನಲ್ಲಿ ದುಡಿದು ಮಕ್ಕಳನ್ನು ಓದಿಸಿದ ನಮ್ಮ ಅನೇಕರ ಮಕ್ಕಳು ಇಂದು ಕ್ಯಾಲಿಫೋರ್ನಿಯದಲ್ಲಿ ಕೆಲಸದಲ್ಲಿದ್ದಾರೆ. ಆದರೆ ಈ ಊರನ್ನು ಆರಿಸಲು ಅದೊಂದೇ ಕಾರಣವಲ್ಲ. ಗ್ಲೆಂಡೇಲಿನ ಹಳೆಯ ಮನೆಗಳನ್ನು ನೋಡಿದರೆ ಅಲ್ಲಿ ಅರಬರ ಮಣ್ಣಿನ ಇಟ್ಟಿಗೆ ಇದೆ, ನಮ್ಮ ದೇಶದ ಬಂಗಲೆ ಇದೆ, ಮೊಗಲರ ಕಮಾನು ಇದೆ. ಇವೆಲ್ಲ ಅಲ್ಲಿಗೆ ಹೋದದ್ದು ಹೇಗೆ? ಆಮೇಲೆ ಅಲ್ಲಿಗೆ ಹೋದ ಮನುಷ್ಯರ ಗತಿ ಏನಾಯಿತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಡೋಣ.

ಮಣ್ಣಿನ ಗೋಡೆ ಮತ್ತು ಬಡ್ಡಿಯ ಲೆಕ್ಕ

ಆ ನೆಲದ ಮೂಲನಿವಾಸಿಗಳು ಟೋಂಗ್ವಾ ಜನ. ವಿಲೋ ಮರದ ಬಳುಕುವ ಕೊಂಬೆಗಳನ್ನು ಗುಮ್ಮಟದಂತೆ ಬಗ್ಗಿಸಿ ಕಟ್ಟಿ, ಮೇಲೆ ಜೊಂಡು ಹೊದಿಸಿ ಅವರು ಗುಡಿಸಲು ಮಾಡಿಕೊಳ್ಳುತ್ತಿದ್ದರು. ನಂತರ ಸ್ಪೇನಿನವರು ಬಂದರು. 1784ರಲ್ಲಿ ಸ್ಪೇನಿನ ಸೇನೆಯಲ್ಲಿ ಕಾರ್ಪೊರಲ್ ಆಗಿದ್ದ ಹೊಸೆ ಮರಿಯಾ ವೆರ್ದುಗೊ ಎಂಬಾತನಿಗೆ ಅಲ್ಲಿ ಸುಮಾರು 36,000 ಎಕರೆ ಭೂಮಿ ಸಿಕ್ಕಿತು. ರಾಂಚೊ ಸಾನ್ ರಫಾಯೆಲ್ ಎಂದು ಅದರ ಹೆಸರು. ಈಗಿನ ಗ್ಲೆಂಡೇಲ್ ಅದರೊಳಗೆ ಬರುತ್ತದೆ.

ಆ ಕಾಲದ ಮನೆಗಳನ್ನು ಅಡೋಬ್ ಎಂದು ಕರೆಯುತ್ತಾರೆ. ಮಣ್ಣು, ನೀರು, ಹುಲ್ಲು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿನಲ್ಲಿ ಒಣಗಿಸಿದ ಸುಡದ ಇಟ್ಟಿಗೆಯೇ ಅಡೋಬ್. ಈ ಪದ ಸ್ಪ್ಯಾನಿಷ್ ಭಾಷೆಗೆ ಬಂದದ್ದು ಅರಬ್ಬಿಯ ‘ಅತ್-ತೂಬ್’ ಎಂಬುದರಿಂದ; ಅದಕ್ಕೂ ಮೂಲ ಪ್ರಾಚೀನ ಈಜಿಪ್ಟಿನ ಭಾಷೆ. ಅರಬರು ಸ್ಪೇನನ್ನು ಆಳಿದ ಶತಮಾನಗಳಲ್ಲಿ ಪದವೂ ಅಲ್ಲಿ ನೆಲೆಸಿತು, ಕಟ್ಟುವ ಜಾಣ್ಮೆಯೂ ಬೆಳೆಯಿತು. ಸ್ಪೇನಿನಿಂದ ಮೆಕ್ಸಿಕೊ, ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯ. ನಡುವೆ ಅಂಗಳ, ಸುತ್ತ ಕೋಣೆ ಎಂಬ ಮನೆಯ ಮಾದರಿಯೂ ಇದೇ ದಾರಿಯಲ್ಲಿ ಹೋಯಿತು. ಗಲ್ಫ್‌ನ ಹಳೆಯ ಮನೆಗಳಲ್ಲಿ ಅದು ‘ಹೋಶ್’, ಸ್ಪ್ಯಾನಿಷಿನಲ್ಲಿ ‘ಪಾಟಿಯೊ’, ನಮ್ಮ ಹಳೆ ಮೈಸೂರಿನ ಕಡೆ ‘ತೊಟ್ಟಿ’.

ಗ್ಲೆಂಡೇಲಿನಲ್ಲಿ ಇಂದಿಗೂ ಇಂಥ ಎರಡು ಮನೆಗಳು ಉಳಿದಿವೆ. ಒಂದು ವೆರ್ದುಗೊ ಕುಟುಂಬದ್ದು, ಇನ್ನೊಂದು ಲಾಸ್ ಏಂಜಲೀಸಿನ ಶೆರಿಫ್ ಆಗಿದ್ದ ತೋಮಾಸ್ ಸಾಂಚೆಸ್‌ದು. ದಪ್ಪ ಗೋಡೆ, ಸಣ್ಣ ಕಿಟಕಿ, ಹೊರಗೆ ಉದ್ದಕ್ಕೂ ನೆರಳಿನ ಜಗಲಿ. ಹಗಲಿನ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ರಾತ್ರಿಯ ತಂಪಿಗೆ ಗೋಡೆ ಮತ್ತೆ ಆರುತ್ತದೆ. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಹುಟ್ಟಿದವರಿಗೆ ಇದು ಹೊಸ ಸಂಗತಿಯಲ್ಲ. ಹಗಲು ಕಾದು ರಾತ್ರಿ ತಣಿಯುವ ಒಣ ಸೀಮೆಗೆ ದಪ್ಪ ಗೋಡೆಯೇ ಮದ್ದು.

ಆದರೆ ಮನೆ ಗಟ್ಟಿಯಿದ್ದರೆ ಸಾಲದು, ಪತ್ರ ಗಟ್ಟಿಯಿರಬೇಕು. 1861ರಲ್ಲಿ ಹೊಸೆ ಮರಿಯಾನ ಮಗ ಹೂಲಿಯೊ ವೆರ್ದುಗೊ ಭೂಮಿಯನ್ನು ಅಡವಿಟ್ಟು ಸುಮಾರು 3,445 ಡಾಲರ್ ಸಾಲ ಮಾಡಿದ. ಬಡ್ಡಿ ತಿಂಗಳಿಗೆ ಶೇ. 3. ಬಡ್ಡಿಗೆ ಬಡ್ಡಿ ಬೆಳೆದು 1869ರ ಹೊತ್ತಿಗೆ ಸಾಲ 58 ಸಾವಿರ ಡಾಲರ್ ದಾಟಿತ್ತು. ಭೂಮಿ ಕೈಬಿಟ್ಟಿತು. 1871ರಲ್ಲಿ ನ್ಯಾಯಾಲಯದ ತೀರ್ಪಿನಂತೆ ಇಡೀ ರಾಂಚೊ ಹಲವರ ಪಾಲಾಯಿತು. ವೀಸಾಕ್ಕೆಂದು ಮೀಟರ್ ಬಡ್ಡಿಗೆ ಸಾಲ ಎತ್ತಿ ಬಂದ ನಮ್ಮವರಿಗೆ ಈ ಲೆಕ್ಕ ಬಾಯಿಪಾಠ. ಒಂದು ಊರಿನ ರೂಪ ಬದಲಾಗುವುದು ಮೇಸ್ತ್ರಿಯ ಕೈಯಿಂದ ಮಾತ್ರವಲ್ಲ, ಸಾಹುಕಾರನ ಖಾತೆಯಿಂದಲೂ ಹೌದು.

ಬಂಗಾಳದಿಂದ ಹೋದ ಬಂಗಲೆ

ಪಾಲಾದ ಭೂಮಿ ಸೈಟುಗಳಾಯಿತು. 1887ರಲ್ಲಿ ಗ್ಲೆಂಡೇಲ್ ಎಂಬ ಹೆಸರಿನಲ್ಲಿ ಊರಿನ ನಕ್ಷೆ ಬಿತ್ತು. 1904ರಲ್ಲಿ ಲಾಸ್ ಏಂಜಲೀಸಿನಿಂದ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಟ್ರಾಮ್ ರೈಲು ಬಂತು, 1906ರಲ್ಲಿ ಪುರಸಭೆ ಆಯಿತು. ರೈಲು ಬಂದ ಮೇಲೆ ಮನೆಗಳು ಸಾಲುಸಾಲಾಗಿ ಎದ್ದವು. ಆ ಮನೆಗಳ ಹೆಸರು ಬಂಗಲೆ.

ಬಂಗಾಳದ ಹಳ್ಳಿಗರ ಇಳಿಜಾರು ಹುಲ್ಲುಮಾಡಿನ ಗುಡಿಸಲನ್ನು ನೋಡಿ ಇಂಗ್ಲಿಷರು ತಮಗಾಗಿ ಮಾಡಿಕೊಂಡ ಮನೆ ಅದು. ಒಂದೇ ಅಂತಸ್ತು, ಮುಂದೆ ವರಾಂಡ, ಅಗಲವಾದ ಸೂರು, ಸುತ್ತ ತೋಟ. 1809ರ ನಂತರ ಬೆಂಗಳೂರು ದಂಡು ಪ್ರದೇಶದಲ್ಲೂ ಅವು ಎದ್ದವು; ಕಿಟಕಿ ಮತ್ತು ಪೋರ್ಟಿಕೊಗಳ ಮೇಲೆ ಚೂಪಾದ ಮರದ ಪಟ್ಟಿಯ ‘ಮಂಕಿ ಟಾಪ್’ ಇಟ್ಟದ್ದು ಬೆಂಗಳೂರಿನ ವಿಶೇಷ. ಇದೇ ಬಂಗಲೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ದಾಟಿ, ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಬೇರು ಬಿಟ್ಟಿತು. ಗ್ಲೆಂಡೇಲಿನ ಪೂರ್ವಕ್ಕಿರುವ ಪಸಡೀನದಲ್ಲಿ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಸಹೋದರರು 1908ರಲ್ಲಿ ಕಟ್ಟಿದ ಗ್ಯಾಂಬಲ್ ಹೌಸ್ ಇದರ ಸಿರಿವಂತ ರೂಪ. ಬೇಸಿಗೆಯಲ್ಲಿ ಹೊರಗಾಳಿಗೆ ಮಲಗಲೆಂದೇ ಅದರಲ್ಲಿ ತೆರೆದ ಮಹಡಿ ಜಗಲಿಗಳಿವೆ. ಬಡವರ, ನಡುವರ್ಗದವರ ಬಂಗಲೆ ಇದಕ್ಕಿಂತ ಸರಳ. ಅದೇ 1908ರಿಂದ ಸಿಯರ್ಸ್ ಕಂಪನಿ ಕ್ಯಾಟಲಾಗ್ ನೋಡಿ ಆರಿಸಿದ ಮನೆಯ ಮರಮುಟ್ಟುಗಳನ್ನು ಕತ್ತರಿಸಿ ರೈಲಿನಲ್ಲಿ ಕಳುಹಿಸುತ್ತಿತ್ತು, ಕೊಂಡವರು ಜೋಡಿಸಿಕೊಳ್ಳುತ್ತಿದ್ದರು.

ಸ್ವಂತ ಸೈಟು ಕೊಳ್ಳಲಾಗದವರಿಗೆ ಇನ್ನೊಂದು ಉಪಾಯ ಹುಟ್ಟಿತು. ಒಂದೇ ಸೈಟಿನಲ್ಲಿ ಹತ್ತು ಹನ್ನೆರಡು ಸಣ್ಣ ಮನೆಗಳು ಎದುರುಬದುರು, ನಡುವೆ ಎಲ್ಲರಿಗೂ ಸೇರಿದ ತೋಟ. ಇದಕ್ಕೆ ‘ಬಂಗಲೋ ಕೋರ್ಟ್’ ಎಂದು ಹೆಸರು. ಮೊದಲನೆಯದೆಂದು ಹೇಳುವ ಸೇಂಟ್ ಫ್ರಾನ್ಸಿಸ್ ಕೋರ್ಟ್ 1909ರಲ್ಲಿ ಪಸಡೀನದಲ್ಲಿ ಆಯಿತು; ಆಮೇಲೆ ಲಾಸ್ ಏಂಜಲೀಸ್ ಸುತ್ತಲ ಊರುಗಳಲ್ಲೆಲ್ಲ ಹರಡಿತು. ಬೆಂಗಳೂರು, ಮೈಸೂರುಗಳಲ್ಲಿ ಬೆಳೆದವರು ಇದನ್ನು ನೋಡಿದರೆ ಒಂದೇ ಮಾತಿನಲ್ಲಿ ಹೇಳಿಯಾರು: ಇದು ವಠಾರ! ಬಾಗಿಲು ತೆರೆದರೆ ಎದುರು ಮನೆಯವರು ಕಾಣುತ್ತಾರೆ, ಒಬ್ಬರ ಮಗುವಿನ ಮೇಲೆ ಹತ್ತು ಜನರ ಕಣ್ಣಿರುತ್ತದೆ, ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. ಜನ ಒಬ್ಬರನ್ನೊಬ್ಬರು ಅರಿಯುವಂತೆ ಮಾಡುವುದು ಭಾಷಣವಲ್ಲ, ಬಾಗಿಲು ಯಾವ ಕಡೆಗಿದೆ ಎಂಬುದು.

ಬೆಟ್ಟದ ಬುಡದ ಮೊಗಲ್ ಮಹಲು

ಗ್ಲೆಂಡೇಲಿಗೆ ರೈಲು ತರಿಸಿದವರಲ್ಲಿ ಮುಖ್ಯನಾದವನು ಭೂಮಿ ವ್ಯಾಪಾರಿ ಲೆಸ್ಲಿ ಬ್ರಾಂಡ್. ಅಲ್ಲಿನವರು ಆತನನ್ನು ಊರಿನ ಪಿತಾಮಹನೆನ್ನುತ್ತಾರೆ. 1893ರಲ್ಲಿ ಷಿಕಾಗೊದಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಅದರ ಅಂಗವಾಗಿಯೇ ಸೇರಿದ್ದು. ಅಲ್ಲಿ ಕಟ್ಟಿದ್ದ ಈಸ್ಟ್ ಇಂಡಿಯನ್ ಪೆವಿಲಿಯನ್ ಎಂಬ ಭಾರತೀಯ ಮಂಟಪದಿಂದ ಸ್ಫೂರ್ತಿ ಪಡೆದು ಬ್ರಾಂಡ್ 1904ರಲ್ಲಿ ಬೆಟ್ಟದ ಬುಡದಲ್ಲಿ ‘ಎಲ್ ಮಿರಾದೇರೊ’ ಎಂಬ ಮನೆ ಕಟ್ಟಿಸಿದ. ವಿನ್ಯಾಸ ಆತನ ಭಾವ ನಥಾನಿಯೆಲ್ ಡ್ರೈಡನ್‌ನದು. ಬೆಳ್ಳಗಿನ ಗೋಡೆ, ದಳದಳವಾದ ಕಮಾನು, ಮಿನಾರು, ಗುಮ್ಮಟ. ಮೈಸೂರು, ಹೈದರಾಬಾದುಗಳ ಕಟ್ಟಡ ಕಂಡವರಿಗೆ ಪರಿಚಿತವೆನಿಸುವ ನೋಟ. ಒಳಗೆ ಹೋದರೆ ಮಾತ್ರ ಅಪ್ಪಟ ವಿಕ್ಟೋರಿಯನ್ ಇಂಗ್ಲಿಷ್ ಮನೆ!

ಬ್ರಾಂಡ್ 1925ರಲ್ಲಿ ತೀರಿಕೊಂಡ. ಮನೆಯೂ ಜಮೀನೂ ಗ್ರಂಥಾಲಯವಾಗಿ, ಉದ್ಯಾನವಾಗಿ ಊರವರಿಗೆ ಸಲ್ಲಬೇಕೆಂದು ಉಯಿಲು ಬರೆದಿಟ್ಟಿದ್ದ. 1956ರಿಂದ ಅದು ಬ್ರಾಂಡ್ ಗ್ರಂಥಾಲಯ. ಸಂಗೀತ ಮತ್ತು ಕಲೆಯ ಪುಸ್ತಕಗಳಿಗೆ ಹೆಸರಾದದ್ದು. ಒಬ್ಬನ ಮಹಲು ಎಲ್ಲರ ಜಗಲಿಯಾದದ್ದು ಗ್ಲೆಂಡೇಲಿನ ಚರಿತ್ರೆಯ ಒಳ್ಳೆಯ ಪುಟ.

1915ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಇನ್ನೊಂದು ಪ್ರದರ್ಶನ ನಡೆದು, ಬರ್ಟ್ರಾಮ್ ಗುಡ್‌ಹ್ಯೂ ಅಲ್ಲಿ ಸ್ಪ್ಯಾನಿಷ್ ಮಾದರಿಯ ಕಟ್ಟಡಗಳನ್ನು ನಿಲ್ಲಿಸಿದ. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲೆಲ್ಲ ಬಿಳಿ ಗೋಡೆ, ಕೆಂಪು ಹೆಂಚಿನ ಮನೆಗಳೇ ಫ್ಯಾಷನ್ ಆದವು. ನಮ್ಮ ಕರಾವಳಿಯಲ್ಲಿ ಆ ಹೊತ್ತಿಗೆ ಹೆಂಚಿಗೆ ಅರ್ಧ ಶತಮಾನದ ಇತಿಹಾಸವಾಗಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಬುಕರ್ಕ್ ಕಾರ್ಖಾನೆ ಬಂದದ್ದು 1868ರಲ್ಲಿ. ಅವರ ಕೊಳವೆ ಹೆಂಚು ಬೇರೆ, ನಮ್ಮ ಕೊಂಡಿ ಹಾಕಿ ಕೂರಿಸುವ ಚಪ್ಪಟೆ ಹೆಂಚು ಬೇರೆ. ಆದರೆ ಸುಟ್ಟ ಜೇಡಿಮಣ್ಣನ್ನು ತಲೆಯ ಮೇಲಿಟ್ಟುಕೊಂಡು ಬಿಸಿಲನ್ನು ತಡೆಯುವ ವಿವೇಕ ಒಂದೇ.

ಆಕಾರಕ್ಕೆ ವೀಸಾ ಬೇಕಿರಲಿಲ್ಲ

ಈಗ ಚರಿತ್ರೆಯ ಕಹಿ ಭಾಗಕ್ಕೆ ಬರೋಣ. ಅರಬರ ಇಟ್ಟಿಗೆಗೆ, ಭಾರತದ ವರಾಂಡಕ್ಕೆ, ಮೊಗಲರ ಗುಮ್ಮಟಕ್ಕೆ ಸ್ವಾಗತವಿದ್ದ ಊರಿನಲ್ಲಿ ಆ ನಾಡುಗಳ ಮನುಷ್ಯರಿಗೆ ಸ್ವಾಗತವಿರಲಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಗ್ಲೆಂಡೇಲಿನ ಹಲವು ಬಡಾವಣೆಗಳ ಕ್ರಯಪತ್ರದಲ್ಲೇ ಒಂದು ಷರತ್ತು ಇರುತ್ತಿತ್ತು. ಬಿಳಿಯರಲ್ಲದವರಿಗೆ ಈ ಸೈಟು, ಮನೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಇಂಥ ಪತ್ರಗಳಲ್ಲಿ ಮನೆಗೆಲಸದವರಿಗೆ ಮಾತ್ರ ವಿನಾಯಿತಿ ಇರುತ್ತಿದ್ದುದು ವಾಡಿಕೆ. ಕಪ್ಪು ಜನ ಹಗಲು ಬಂದು ಕೆಲಸ ಮಾಡಬಹುದು, ಸೂರ್ಯ ಮುಳುಗುವುದರೊಳಗೆ ಊರು ಬಿಡಬೇಕು. ಇಂಥ ಊರುಗಳನ್ನು ಅಮೆರಿಕದಲ್ಲಿ ‘ಸನ್‌ಡೌನ್ ಟೌನ್’ ಎನ್ನುತ್ತಾರೆ. ಗ್ಲೆಂಡೇಲ್ ಅವುಗಳಲ್ಲೊಂದಾಗಿತ್ತು.

ನಮ್ಮವರ ಪಾಡೂ ಅದೇ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಅಮೆರಿಕದ ಸೇನೆಯಲ್ಲಿ ದುಡಿದವರು. 1923ರಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಪೌರತ್ವಕ್ಕೆ ಅರ್ಹರಲ್ಲದವರು ಭೂಮಿ ಹೊಂದುವಂತಿಲ್ಲ ಎಂಬ ಕಾಯ್ದೆ ಕ್ಯಾಲಿಫೋರ್ನಿಯದಲ್ಲಿ 1913ರಿಂದಲೇ ಇತ್ತು. ಪೇಶಾವರದಿಂದ ಹೋದ ವೈಷ್ಣೋ ದಾಸ್ ಬಗಾಯಿ ಮತ್ತು ಕಲಾ ಬಗಾಯಿ ದಂಪತಿಯ ಕಥೆ ಇನ್ನೂ ದಾರುಣ. ಉತ್ತರ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಅವರು ಮನೆ ಕೊಂಡು, ಮಕ್ಕಳು, ಸಾಮಾನುಗಳೊಂದಿಗೆ ಬಂದರೆ, ಒಳಗೆ ಕಾಲಿಡದಂತೆ ನೆರೆಯವರು ಬೀಗ ಜಡಿದಿದ್ದರು. ಥಿಂಡ್ ತೀರ್ಪಿನ ನಂತರ ವೈಷ್ಣೋ ದಾಸ್ ಅವರಿಗೆ ಸಿಕ್ಕಿದ್ದ ಪೌರತ್ವವನ್ನೂ ಕಿತ್ತುಕೊಂಡರು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕಲಾ ಬಗಾಯಿ ಮಕ್ಕಳನ್ನು ಸಾಕಿ, ಮುಂದೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ, ಅಲ್ಲಿಗೆ ಹೊಸದಾಗಿ ಬಂದ ಭಾರತೀಯರಿಗೆ ಆಸರೆಯಾದರು. ಬೀಗ ಹಾಕಿದ ಅದೇ ಬರ್ಕ್ಲಿಯಲ್ಲಿ ಈಚೆಗೆ ಒಂದು ಬೀದಿಗೆ ಅವರ ಹೆಸರಿಟ್ಟಿದ್ದಾರೆ.

ಕಾನೂನು ಮೆಲ್ಲಗೆ ಬದಲಾಯಿತು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಜನಾಂಗದ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. 1968ರಲ್ಲಿ ವಸತಿಯಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕಾಯ್ದೆ ಬಂತು. 2020ರಲ್ಲಿ ಗ್ಲೆಂಡೇಲ್ ನಗರಸಭೆ ತನ್ನ ಸನ್‌ಡೌನ್ ಚರಿತ್ರೆಗಾಗಿ ಠರಾವು ಮಾಡಿ ಬಹಿರಂಗವಾಗಿ ಕ್ಷಮೆ ಕೇಳಿತು.

ಇದನ್ನು ಓದಿ ಬಿಳಿಯರನ್ನು ಬೈದು ಸುಮ್ಮನಾದರೆ ನಾವು ಅರ್ಧ ಚರಿತ್ರೆಯನ್ನಷ್ಟೇ ಓದಿದಂತೆ. ನಮ್ಮ ಹಳ್ಳಿಗಳಲ್ಲಿ ಕ್ರಯಪತ್ರದ ಷರತ್ತು ಬೇಕಾಗಿರಲಿಲ್ಲ. ಕೇರಿ ಎಂಬ ಒಂದು ಪದ ಸಾಕಾಗಿತ್ತು. ಜಾತಿಗೊಂದು ಕೇರಿ, ದಲಿತರ ಕೇರಿ ಊರ ಹೊರಗೆ, ಬಾವಿಯೂ ಬೇರೆ. ನಾವು ಹೊಗಳುವ ತೊಟ್ಟಿ ಮನೆಯ ತೊಟ್ಟಿಯವರೆಗೆ ಬರಲು ಎಷ್ಟು ಜನರಿಗೆ ಅಪ್ಪಣೆಯಿತ್ತು? ಜಗಲಿಯಲ್ಲೇ ನಿಲ್ಲಬೇಕಾದವರೆಷ್ಟು, ಅಂಗಳದಾಚೆ ನಿಲ್ಲಬೇಕಾದವರೆಷ್ಟು? ಇಂದಿಗೂ ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು. ಇಲ್ಲಿ ಕ್ಯಾಂಪಿನಲ್ಲಿ ಉಡುಪಿಯವರು, ರಾಯಚೂರಿನವರು, ಭಟ್ಕಳದವರು ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಕುಕ್ಕರಿನ ಅನ್ನ ಉಣ್ಣುತ್ತೇವೆ. ಊರಿಗೆ ಹೋದಾಗ ಆ ಪಾಠವನ್ನು ವಿಮಾನದಲ್ಲೇ ಬಿಟ್ಟು ಇಳಿಯಬಾರದು.

ಹೊಸಬರು, ಹಳೆಯ ನೀರು

1970ರ ದಶಕದಿಂದ ಗ್ಲೆಂಡೇಲಿಗೆ ಅರ್ಮೇನಿಯನ್ನರು ಬಂದರು. 1915ರ ನರಮೇಧದಲ್ಲಿ ನೆಲೆ ಕಳೆದುಕೊಂಡು ಲೆಬನಾನ್, ಇರಾನ್ ಮುಂತಾದ ಕಡೆ ಚದುರಿದ್ದವರ ಮಕ್ಕಳು ಮೊಮ್ಮಕ್ಕಳು ಕೆಲವರು; ಸೋವಿಯತ್ ಅರ್ಮೇನಿಯದಿಂದ ಬಂದವರು ಇನ್ನು ಕೆಲವರು. ಲೆಬನಾನಿನ ಅಂತರ್ಯುದ್ಧ, 1979ರ ಇರಾನ್ ಕ್ರಾಂತಿ ಅವರನ್ನು ಮತ್ತೆ ಎಬ್ಬಿಸಿದವು. ಇಂದು ಊರಿನ ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಅವರೇ. ಮಹಡಿ ಅಪಾರ್ಟ್‌ಮೆಂಟುಗಳಲ್ಲಿ ಅಂಗಳವಿಲ್ಲದಿದ್ದರೂ ಮುದುಕರು ಪಾರ್ಕಿನ ಬೆಂಚುಗಳಲ್ಲಿ ನಾರ್ದಿ ಪಗಡೆ ಹಾಸಿ ಕೂರುತ್ತಾರೆ. ಬೇಕರಿ, ಚರ್ಚು, ಕಾಫಿ ಅಂಗಡಿಗಳೇ ಅವರ ಚಾವಡಿ. 2018ರಲ್ಲಿ ಒಂದು ಬೀದಿ ಆರ್ಟ್ಸಾಖ್ ಅವೆನ್ಯೂ ಆಯಿತು. ಕಟ್ಟಡ ಕೊಡದ ಜಾಗವನ್ನು ಜನ ತಾವೇ ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಶುಕ್ರವಾರ ಸಂಜೆ ದೇರಾದಲ್ಲೋ ಮನಾಮದಲ್ಲೋ ಚಹದ ಲೋಟ ಹಿಡಿದು ಫುಟ್‌ಪಾತಿನಲ್ಲಿ ಊರ ಸುದ್ದಿ ಮಾತಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನೆಲವನ್ನು ಮರೆತು ಕಟ್ಟಿದರೆ ಏನಾಗುತ್ತದೆ ಎಂಬ ಪಾಠವೂ ಗ್ಲೆಂಡೇಲಿನಲ್ಲಿದೆ. 1933ರ ನವೆಂಬರಿನಲ್ಲಿ ಊರ ಉತ್ತರದ ಬೆಟ್ಟಕ್ಕೆ ಬೆಂಕಿ ಬಿದ್ದು ಗಿಡಗಂಟಿ ಸುಟ್ಟವು. 1934ರ ಹೊಸ ವರ್ಷದ ರಾತ್ರಿ ಮಳೆ ಸುರಿದಾಗ ಹಿಡಿದಿಡಲು ಬೇರಿಲ್ಲದ ಮಣ್ಣು, ಬಂಡೆ ಸಮೇತ ಇಳಿದು ಬಂತು. ಮೊಂಟ್ರೋಸಿನ ಸಭಾಭವನವೊಂದರಲ್ಲಿ ಆಶ್ರಯ ಪಡೆದಿದ್ದ 12 ಮಂದಿ ಸೇರಿ ಹತ್ತಾರು ಜನ ಸತ್ತರು. 1938ರಲ್ಲಿ ಮತ್ತೆ ಮಹಾಪ್ರವಾಹ. ಆಮೇಲೆ ಹೊಳೆಗಳಿಗೆ ಕಾಂಕ್ರೀಟು ಹೊದಿಸಿದರು. ಲಾಸ್ ಏಂಜಲೀಸ್ ನದಿ ಬಹುಪಾಲು ಸಿಮೆಂಟಿನ ಚರಂಡಿಯಂತಾಯಿತು. ಗ್ಲೆಂಡೇಲ್ ನ್ಯಾರೋಸ್ ಎಂಬ ಕಡೆ ಮಾತ್ರ ಅಂತರ್ಜಲ ಮೇಲಕ್ಕೆ ಉಕ್ಕುವುದರಿಂದ ತಳಕ್ಕೆ ಸಿಮೆಂಟು ಹಾಕಲಾಗಲಿಲ್ಲ. ಇಂದು ಆ ನದಿಯಲ್ಲಿ ಮರ, ಹಕ್ಕಿ, ಮೀನು ಚೆನ್ನಾಗಿ ಕಾಣುವುದು ಅಲ್ಲೇ! 2025ರ ಜನವರಿಯಲ್ಲಿ ಪೂರ್ವದ ಆಲ್ಟಡೀನದಲ್ಲಿ ಈಟನ್ ಕಾಡ್ಗಿಚ್ಚು 9,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಅವುಗಳಲ್ಲಿ ಹಳೆಯ ಬಂಗಲೆಗಳೂ ಇದ್ದವು. ಕೊಡಗು, ಶಿರೂರುಗಳಲ್ಲಿ ಗುಡ್ಡ ಜರಿದದ್ದನ್ನು ಕಂಡ ನಮಗೆ ಇದು ದೂರದ ಸುದ್ದಿಯಲ್ಲ.

ನಮ್ಮ ಗೋಡೆಗಳ ಮಾತು

ಗಲ್ಫ್‌ನ ಹಳಬರೂ ಈ ಲೆಕ್ಕ ಬಲ್ಲವರಾಗಿದ್ದರು. ಸಮುದ್ರದ ಪಕ್ಕದ ಊರುಗಳಲ್ಲಿ ಬೇಸಿಗೆಯ ರಾತ್ರಿಯೂ ತಣಿಯುವುದಿಲ್ಲ, ಗಾಳಿಯಲ್ಲಿ ತೇವ. ಅಲ್ಲಿ ದಪ್ಪ ಗೋಡೆಯೊಂದೇ ಸಾಲದು, ಗಾಳಿ ಬೇಕು. ಅದಕ್ಕೇ ಖರ್ಜೂರದ ಗರಿಯ ‘ಅರೀಶ್’ ಮನೆ, ಗಾಳಿ ಹಿಡಿದು ಕೆಳಗಿಳಿಸುವ ‘ಬಾರ್ಜೀಲ್’ ಗೋಪುರ, ನೆರಳಿರುವ ಕಿರಿದಾದ ‘ಸಿಕ್ಕಾ’ ಓಣಿ. ದುಬೈಯ ಅಲ್ ಫಹೀದಿಯಲ್ಲಿ, ಬಹರೈನಿನ ಮುಹರ್ರಕ್‌ನಲ್ಲಿ ಇವನ್ನು ರಜೆಯ ದಿನ ಹೋಗಿ ನೋಡಬಹುದು. ಅಲ್ ಫಹೀದಿಯ ದೊಡ್ಡ ಭಾಗ 1980ರ ದಶಕದಲ್ಲಿ ನೆಲಸಮವಾಯಿತು. ಉಳಿದದ್ದು ಅದರ ಬೆಲೆ ಅರಿತವರು ದನಿಯೆತ್ತಿದ್ದರಿಂದ. ನಮ್ಮ ಕರಾವಳಿಯ ಅಗಲ ಸೂರು, ಎದುರುಬದುರು ಕಿಟಕಿ, ಹೆಂಚಿನ ಸಂದಿಯಿಂದ ಬಿಸಿಗಾಳಿ ಹೊರಹೋಗುವ ಮಾಡು, ಇವೂ ಅದೇ ಜಾತಿಯ ಉಪಾಯಗಳು.

ಕಾರ್ಮಿಕರ ವಸತಿಗೂ ಚರಿತ್ರೆಯಿದೆ. ಒಬ್ಬನಿಗೆ ಕನಿಷ್ಠ 3 ಚದರ ಮೀಟರ್ ಜಾಗವಿರಬೇಕೆಂದು ಯುಎಇ 2009ರಲ್ಲಿ ನಿಯಮ ಮಾಡಿತು. ಕತಾರ್ 2014ರಲ್ಲಿ 6 ಚದರ ಮೀಟರ್ ಎಂದಿತು, ಕೋಣೆಗೆ ನಾಲ್ವರಿಗಿಂತ ಹೆಚ್ಚು ಬೇಡವೆಂದಿತು. ಕಾಗದದ ಅಳತೆಗೂ ಕೋಣೆಯ ಅಳತೆಗೂ ಎಷ್ಟು ಅಂತರವೆಂದು ಅಲ್ಲಿ ಮಲಗಿದವರೇ ಹೇಳಬೇಕು. ಗಾಜಿನ ಗೋಪುರ ಕಟ್ಟಿದ ಕೈಗಳಿಗೂ ಕಿಟಕಿಯಿರುವ ಕೋಣೆ ಸಿಗಬೇಕೆಂಬುದು ದೊಡ್ಡ ಆಸೆಯೇನಲ್ಲ.

ಇನ್ನು ಊರಿನ ಮನೆ. ಇಲ್ಲಿ ಕಂಡ ಗಾಜು, ಅಲ್ಯುಮಿನಿಯಂ ಹಲಗೆಗಳ ಮೋಹಕ್ಕೆ ಬಿದ್ದು ಊರಿನಲ್ಲೂ ಅದನ್ನೇ ಹಚ್ಚಿ, ಒಳಗೆ ಸೆಕೆ ತಾಳದೆ ನಾಲ್ಕು ಎಸಿ ಹಾಕಿಸಿದ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಕಂತು ಕಟ್ಟುವವರು ನಾವು, ಬೆವರುವವರು ತಂದೆ ತಾಯಿ. ಕ್ಯಾಲಿಫೋರ್ನಿಯ 1978ರಿಂದ ಕಟ್ಟಡಗಳ ಇಂಧನ ಉಳಿತಾಯಕ್ಕೆ ನಿಯಮ ಮಾಡುತ್ತಾ ಬಂದು, 2020ರಿಂದ ಹೊಸ ಮನೆಗಳಿಗೆ ಸೌರ ವಿದ್ಯುತ್ ಕಡ್ಡಾಯ ಮಾಡಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ‘ಅಸ್ತ್ರ’ ಎಂಬ ಕೇಂದ್ರ ಶುರುವಾಗಿ, ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಇಟ್ಟಿಗೆಯನ್ನು ಬೆಳೆಸಿದರು. ಅಡೋಬ್‌ನ ತಮ್ಮನೆನ್ನಬಹುದಾದ ಈ ಇಟ್ಟಿಗೆಯ ಮನೆಗಳು ಇಂದು ಕರ್ನಾಟಕದಲ್ಲಿ ಬೇಕಾದಷ್ಟಿವೆ.

ಈ ವರ್ಷ ಮನೆ ಶುರು ಮಾಡುವ ನಮ್ಮ ಸದಸ್ಯರು ಎಂಜಿನಿಯರರ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ. ಪಡುವಣದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಅದಕ್ಕೆ ನೆರಳೇನು? ಒಂದು ಕಿಟಕಿಯಿಂದ ಬಂದ ಗಾಳಿ ಇನ್ನೊಂದರಿಂದ ಹೋಗುತ್ತದೆಯೇ? ತಾರಸಿಯ ಮಳೆನೀರು ಬಾವಿಗೋ ಇಂಗುಗುಂಡಿಗೋ ಸೇರುತ್ತದೆಯೇ? ದಾರಿಹೋಕರು, ನೆರೆಯವರು ಕೇಳದೆ ಬಂದು ಕೂರಲು ಒಂದು ಜಗಲಿಯಿದೆಯೇ? ಮೊದಲ ಮೂರಕ್ಕೆ ಎಂಜಿನಿಯರರು ಉತ್ತರ ಕೊಟ್ಟಾರು. ನಾಲ್ಕನೆಯದಕ್ಕೆ ಜಾಗ ಬಿಡುವುದು, ಆ ಜಗಲಿಗೆ ಯಾರು ಬಂದರೂ ಚಾಪೆ ಹಾಸುವುದು, ಕಟ್ಟಿಸುವವರ ಕೈಯಲ್ಲಿದೆ.